ಡಿಗ್ರಿ ಓದಿಸೆಂದ ದೇವಿ

ವಿಜ್ಞಾನದ ಮಾಸ್ತರನಾದವನಿಗೆ ಎಲ್ಲರಂತೆ ಗಾಬರಿಯಾಗುವ ಹಕ್ಕಿಲ್ಲ. ಶಹಾಪುರದ ಹೈಸ್ಕೂಲಿನಲ್ಲಿ ಪಾಠ ಹೇಳುತ್ತ ನಾನು ಕಂಡುಕೊಂಡ ಸತ್ಯವಿದು. ಓಣಿಯಲ್ಲಿ ಕೊಯ್ದ ನಿಂಬೆಹಣ್ಣು ಬಿದ್ದಿದ್ದರೆ ಉಳಿದವರು ಸುತ್ತು ಬಳಸಿ ಹೋಗಬಹುದು. ನಾನು ಮಾತ್ರ ನಾಲ್ಕು ಜನ ನೋಡುತ್ತಿದ್ದಾರೆಂದು ದಾಟಿಕೊಂಡೇ ಹೋಗಬೇಕು. ದಾಟಿದ ಮೇಲೆ ಒಂದು ವಾರ ನನಗೆ ನೆಗಡಿಯೂ ಆಗಕೂಡದು. ವರ್ಷಕ್ಕೊಮ್ಮೆ ಅರಿಶಿನಕ್ಕೆ ಸುಣ್ಣದ ನೀರು ಬೆರೆಸಿ ರಕ್ತದಂಥ ಕೆಂಪು ಬರಿಸಿ, "ಪವಾಡ ಅಂದ್ರ ಇಷ್ಟ ನೋಡ್ರಪಾ" ಎಂದು ಭಾಷಣ ಮಾಡುತ್ತೇನೆ. ಹುಡುಗರು ಚಪ್ಪಾಳೆ ತಟ್ಟುತ್ತಾರೆ. ಪರೀಕ್ಷೆಯ ದಿನ ಅವರೇ ಪೆನ್ನಿಗೆ ಕುಂಕುಮ ಹಚ್ಚಿಕೊಂಡು ಬರುತ್ತಾರೆ. ಇರಲಿ.

ಶಾಲೆಯಲ್ಲಿ ಎಷ್ಟೇ ಗುಡುಗಿದರೂ ಮನೆಯಲ್ಲಿ ನನ್ನ ಬೇಳೆ ಬೇಯುವುದಿಲ್ಲ. ಅಲ್ಲಿ ನಡೆಯುವುದು ನಮ್ಮ ಅವ್ವನ ಮಾತು. ಮಗಳು ಅಶ್ವಿನಿ ಪಿಯುಸಿ ಎರಡನೇ ವರ್ಷ. ಕಲಬುರಗಿಯಲ್ಲಿ ಡಿಗ್ರಿ ಓದಬೇಕೆಂಬುದು ಅವಳ ಹಟ. ಹದಿನೆಂಟು ತುಂಬಿದೊಡನೆ ಕೆಂಭಾವಿಯ ತನ್ನ ಅಣ್ಣನ ಮೊಮ್ಮಗನಿಗೆ ಕೊಟ್ಟು ಮುಗಿಸಬೇಕೆಂಬುದು ಅವ್ವನ ಹಟ. "ಹುಡುಗ ಗೊಬ್ಬರದ ಅಂಗಡಿ ಇಟ್ಟಾನ, ಮನಿ ಕಟ್ಟ್ಯಾನ, ಇನ್ನೇನು ಬೇಕು?" ಎನ್ನುತ್ತಾಳೆ. ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ನನಗೆ ಬಾಯಿಪಾಠವಿರುವ ಭಾಷಣವನ್ನೆಲ್ಲ ಅವ್ವನೆದುರು ಒಪ್ಪಿಸಿದೆ. ಅವಳು ಪೂರ್ತಿ ಕೇಳಿ, "ಆತಿಲ್ಲೋ ನಿಂದು? ಚಾ ಆರಾಕತ್ತೈತಿ, ಕುಡಿ" ಎಂದಳು. ಬಾಗಿಲಲ್ಲಿ ನಿಂತಿದ್ದ ಅಶ್ವಿನಿ ನನ್ನನ್ನು ನೋಡಿ, "ಅಪ್ಪಾ, ನೀ ಸಾಲ್ಯಾಗ ಅಷ್ಟ ಮಾಸ್ತರ" ಎಂದು ಒಳಗೆ ಹೋದಳು. ಆ ಮಾತು ನನ್ನ ಎದೆಗೆ ಚುಚ್ಚಿತು, ಸುಳ್ಳಲ್ಲವಲ್ಲ.

ಹೀಗಿರುವಾಗ ಎಳ್ಳಮಾವಾಸ್ಯೆ ಬಂತು. ನಮ್ಮ ಕಡೆ ಆ ದಿನ ಮನೆಯಲ್ಲಿ ಉಂಡವನು ಮನುಷ್ಯನೇ ಅಲ್ಲ. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಯ ಮೇಲೆ ಚರಗದ ಎಡೆ ಚೆಲ್ಲಿ, ಭೂಮಿತಾಯಿ ಉಂಡ ಮೇಲೆ ನಾವು ಉಣ್ಣಬೇಕು. ವನದುರ್ಗದ ಹತ್ತಿರ ನಮ್ಮದೊಂದು ತುಂಡು ಹೊಲವಿದೆ. ಅಶ್ವಿನಿ, "ಗೆಳತಿ ಹೊಲಕ್ಕ ಹೋಗ್ತೀನಿ" ಎಂದು ಬೆಳಿಗ್ಗೆಯೇ ಹೊರಟಿದ್ದಳು. ಹೆಂಡತಿ ತವರಿಗೆ ಹೋಗಿದ್ದಳು. ನಾನೂ ಅವ್ವನೂ ಓಣಿಯ ಹೆಂಗಸರ ಜೊತೆ ಟ್ರ್ಯಾಕ್ಟರ್ ಹತ್ತಿದೆವು. ಅವ್ವನ ಎರಡೂ ಕಣ್ಣಿಗೆ ಪೊರೆ ಬಂದು, ಎದುರಿಗಿದ್ದವರು ಗಂಡೋ ಹೆಣ್ಣೋ ಎಂಬಷ್ಟು ಮಾತ್ರ ಅವಳಿಗೆ ಕಾಣುತ್ತಿತ್ತು.

ವನದುರ್ಗದ ಕೋಟೆಯ ಗೋಡೆ ಬಳಸಿ ಟ್ರ್ಯಾಕ್ಟರ್ ತಿರುಗಿತು. ದಾರಿಯ ನಡುವೆ ಒಬ್ಬಳು ನಿಂತಿದ್ದಳು. ಬಿಚ್ಚಿದ ಕೂದಲು, ಮುಖದ ತುಂಬ ಅರಿಶಿನ, ಹಣೆಯ ತುಂಬ ಕುಂಕುಮ, ಕೈಯಲ್ಲಿ ಬೇವಿನ ಸೊಪ್ಪು. ಬಲಗೈ ಎತ್ತಿ, ಗಂಟಲು ಹರಿಯುವಂತೆ "ನಿಲ್ಲೂ!" ಎಂದು ಕೂಗಿದಳು. ಟ್ರ್ಯಾಕ್ಟರ್ ಗಕ್ಕನೆ ನಿಂತಿತು. ಮರುಕ್ಷಣ "ತಾಯಿ ಬಂದಾಳ!" ಎಂದು ಹೆಂಗಸರೆಲ್ಲ ದುಡುದುಡು ಇಳಿದರು. ಒಬ್ಬಳು ಕಾಯಿ ಒಡೆದಳು, ಇನ್ನೊಬ್ಬಳು ಉಡಿ ತುಂಬಿದಳು. ನಾನು ಎಂದಿನಂತೆ ಕನ್ನಡಕ ಸರಿಪಡಿಸಿಕೊಂಡು, ಮನುಷ್ಯನ ಮನಸ್ಸಿನ ಬಗ್ಗೆ ಎರಡು ಮಾತು ಹೇಳೋಣವೆಂದು ಮುಂದೆ ಬಂದೆ. ದೇವಿ ನನ್ನನ್ನು ನೋಡಿದಳು. ನಾನು ದೇವಿಯನ್ನು ನೋಡಿದೆ. ದೇವಿ ಉಟ್ಟಿದ್ದು ನನ್ನ ಹೆಂಡತಿಯ ಹಸಿರು ಸೀರೆ!

ಅರಿಶಿನದ ಹಿಂದಿದ್ದದ್ದು ಅಶ್ವಿನಿಯ ಮುಖ. ಆಮೇಲೆ ತಿಳಿದದ್ದನ್ನು ಈಗಲೇ ಹೇಳಿಬಿಡುತ್ತೇನೆ. ಅಶ್ವಿನಿ ಮತ್ತು ಕಾಲೇಜಿನ ಮೂವರು ಸೇರಿ ಮೊಬೈಲಿನಲ್ಲಿ ನಗೆ ಸಿನಿಮಾ ತೆಗೆಯುತ್ತಿದ್ದರು. ಕೋಟೆಯೊಳಗಿನ ಬೋರೆಹಣ್ಣು ತಿಂದ ನಾಲ್ವರಿಗೆ ಮಾಯದ ಶಕ್ತಿ ಬರುತ್ತದೆ: ಒಬ್ಬ ಪರೀಕ್ಷೆಯ ಹೊತ್ತಿಗೆ ಮಾಯವಾಗುತ್ತಾನೆ, ಒಬ್ಬನಿಗೆ ಮಾಸ್ತರರ ಮನಸ್ಸು ಕೇಳಿಸುತ್ತದೆ, ಒಬ್ಬಳು ಹಾರುತ್ತಾಳೆ, ಇವಳು ಕೈ ಎತ್ತಿದರೆ ಎದುರಿನವರು ನಿಂತುಬಿಡುತ್ತಾರೆ. ಆ ಕೈ ಎತ್ತುವ ದೃಶ್ಯದ ನಡುವೆಯೇ ನಮ್ಮ ಟ್ರ್ಯಾಕ್ಟರ್ ಬಂದಿತ್ತು. ಮೇಕಪ್ಪಿಗೆ ಅಡುಗೆಮನೆಯ ಅರಿಶಿನ, ಕಾಡಿನ ಗೆಟಪ್ಪಿಗೆ ಬೇವು. ನಮ್ಮ ಸೀಮೆಯಲ್ಲಿ ಇವೆರಡು ಕೂಡಿದರೆ ಏನಾಗುತ್ತದೆಂದು ಆ ಬುದ್ಧಿವಂತರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಬಾಯಿ ತೆರೆದು ಇವಳು ನನ್ನ ಮಗಳೆನ್ನಲೇ? ಉಡಿ ತುಂಬಿದ ಹೆಂಗಸರು ಅವಳನ್ನು ಸುಮ್ಮನೆ ಬಿಟ್ಟಾರೇ? ಅಷ್ಟರಲ್ಲಿ ಅವ್ವ ತಡವರಿಸುತ್ತ ಹೋಗಿ ಮೊಮ್ಮಗಳ ಕಾಲು ಹಿಡಿದು, "ತಾಯೀ, ನಮ್ಮ ಹುಡುಗಿ ಲಗ್ನ ಈ ಬ್ಯಾಸಗ್ಯಾಗ ಮಾಡಿ ಬಿಡ್ಲೇನು?" ಎಂದು ಕೇಳಿದಳು. ಕೂಗಿ ಕೂಗಿ ಒಡೆದಿದ್ದ ದನಿಯಲ್ಲಿ ದೇವಿ ಅಬ್ಬರಿಸಿದಳು: "ಬ್ಯಾಡಾ! ಓದಸು! ಡಿಗ್ರಿ ಮುಗಿಯೋತನ ಲಗ್ನದ ಮಾತ ಎತ್ತಬ್ಯಾಡ!"

ಯಾವ ದೇವಿಯ ಬಾಯಲ್ಲೂ ಡಿಗ್ರಿಯ ಸುದ್ದಿಯನ್ನು ನಾನು ಕೇಳಿರಲಿಲ್ಲ. ಅವ್ವ ಕೈ ಮುಗಿದು, "ಹೂಂ ನನ್ನವ್ವಾ, ಹಂಗ ಆಗಲಿ" ಎಂದವಳೇ ನನ್ನ ಅಂಗಿ ಜಗ್ಗಿದಳು. "ನಿಂತಿಯಲ್ಲೋ ಕಂಬದಂಗ, ಕಾಲಿಗೆ ಬೀಳೋ!" ದೇವಿ ನನ್ನತ್ತ ಕೈ ಎತ್ತಿದಳು. ನಾನು ದೊಪ್ಪನೆ ಬಿದ್ದೆ.

ಸಂಕ್ರಾಂತಿ ಮುಗಿದ ಮೇಲೆ ಅವ್ವನನ್ನು ಯಾದಗಿರಿಗೆ ಕರೆದೊಯ್ದು ಪೊರೆ ತೆಗೆಸಿದವನು ನಾನೇ. ಆ ತಪ್ಪಿಗೆ ತಕ್ಕ ಶಾಸ್ತಿಯಾಯಿತು. ಒಂದು ಭಾನುವಾರ ಪಕ್ಕದ ಮನೆಯ ಹುಡುಗಿ ಮೊಬೈಲ್ ಹಿಡಿದು ಓಡಿಬಂದು, "ಆಯೀ, ನೀ ಸಿನಿಮಾದಾಗ ಬಂದೀದಿ!" ಎಂದಳು. ಬಂಡೆಯ ಹಿಂದೆ ಅಡಗಿ ಚಿತ್ರ ತೆಗೆಯುತ್ತಿದ್ದ ಪುಣ್ಯಾತ್ಮ ಮೊಬೈಲ್ ಆರಿಸಿಯೇ ಇರಲಿಲ್ಲ! ಟ್ರ್ಯಾಕ್ಟರ್, ಕಾಯಿ, ಅವ್ವ, ಕೊನೆಗೆ ಹಲಗೆ ಬಡಿತದೊಂದಿಗೆ ನಿಧಾನವಾಗಿ ಬೀಳುವ ನಾನು. ಅವ್ವ ಎರಡು ಸಲ ನೋಡಿದಳು. ಅಶ್ವಿನಿಯ ಮುಖ ಬಿಳಿಚಿತು. ಕಲಬುರಗಿ ಕೈಬಿಟ್ಟು ಹೋಯಿತೆಂದು ನಾನೂ ಕೂತಲ್ಲೇ ಕುಸಿದೆ.

"ಆಯೀ, ತಪ್ಪಾತು..." ಎಂದು ಅಶ್ವಿನಿ ಅಳತೊಡಗಿದಳು.

"ಅಳಬ್ಯಾಡ" ಎಂದಳು ಅವ್ವ. "ಯಾರ ಬಾಯಿಲೆ ಬಂದ್ರೇನು, ತಾಯಿ ಹೆಸರಲೆ ಹೂಂ ಅಂದು ಬಂದೀನಿ. ಕೆಂಭಾವಿಯವರಿಗೂ ಹೇಳಿ ಮುಗಿಸೀನಿ. ಕೊಟ್ಟ ಮಾತು ತಿರುಗಿ ತಗೋಳಾಕ ಬರಂಗಿಲ್ಲ. ಓದ್ಕೊ ಹೋಗು." ಆಮೇಲೆ ಹೊಸ ಕಣ್ಣುಗಳನ್ನು ನನ್ನತ್ತ ತಿರುಗಿಸಿದಳು. "ನನಗ ಕಾಣ್ತಿರಲಿಲ್ಲ, ಬಿದ್ದೆ. ನಿನಗ ಎರಡೂ ಕಣ್ಣು ನೆಟ್ಟಗಿದ್ವಲ್ಲೋ ಮಾಸ್ತರ, ನೀ ಯಾಕ ಬಿದ್ದಿ?"

ಜನರಿಗೆ ಹೆದರಿ ಬಿದ್ದೆ ಎನ್ನಬಹುದಿತ್ತು. ಆದರೆ ನಿಜ ಬೇರೆ. ನಾನು ವರ್ಷಗಟ್ಟಲೆ ಹೇಳಲಾರದೆ ಹೋದ ಮಾತನ್ನು ಆ ಹುಡುಗಿ ಒಂದೇ ಉಸಿರಿಗೆ ಹೇಳಿ ಕೈ ಎತ್ತಿದಾಗ ನನ್ನ ಮೊಣಕಾಲುಗಳು ತಾವಾಗಿಯೇ ಮಡಿಚಿಕೊಂಡವು. ಇದಕ್ಕೆ ವೈಜ್ಞಾನಿಕ ಕಾರಣ ಇನ್ನೂ ಸಿಕ್ಕಿಲ್ಲ. ಮೊನ್ನೆ ಶಾಲೆಯಲ್ಲಿ ಅರಿಶಿನ ಸುಣ್ಣದ ಭಾಷಣಕ್ಕೆ ಎದ್ದೆ. "ಪವಾಡ ಅಂದ್ರ" ಎನ್ನುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ನನ್ನ ಮಾತು ಗಕ್ಕನೆ ನಿಂತಿತು. ಸಿನಿಮಾ ನೋಡಿದ್ದ ಇಡೀ ಕ್ಲಾಸು ಹೋ ಎಂದು ನಕ್ಕಿತು. ಪಾಪ, ಆ ಹುಡುಗಿ ನೀರು ಕುಡಿದು ಬರಲೇ ಎಂದು ಕೇಳುವುದರಲ್ಲಿದ್ದಳಂತೆ.