ನದಿಗೆ ಅಡ್ಡ ನಿಂತ ನದಿಯ ಚಿತ್ರ

ನದಿದಂಡೆ ಕಾಡುದಾರಿಯ ಸೌಂದರ್ಯವನ್ನು ಹಗಲಿರುಳೂ ಕಾಯುತ್ತಿರುವ ಕಚೇರಿಯ ಮುಖ್ಯಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೇ ಎಂದು ಕೇಳಿ ತಮ್ಮ ಹೊತ್ತು ಹಾಳುಮಾಡುವುದಿಲ್ಲ. ಕಳೆದ ಭಾನುವಾರವಷ್ಟೇ ತಮ್ಮನ್ನು ಆಳೆತ್ತರಕ್ಕೂ ಮೀರಿದ ಗಾತ್ರದಲ್ಲಿ ಕಣ್ಣಾರೆ ಕಂಡು ಬಂದಿದ್ದೇನೆ. ಮುಖದಲ್ಲಿ ಒಳ್ಳೆಯ ಕಳೆಯಿದೆ, ಕೆನ್ನೆಗಳೂ ತುಂಬಿಕೊಂಡಿವೆ. ಈ ದರ್ಶನಭಾಗ್ಯ ಒದಗಿದ ಬಗೆಯನ್ನು ವಿನಯದಿಂದ ಅರಿಕೆ ಮಾಡಿಕೊಳ್ಳುತ್ತೇನೆ.

ನನ್ನ ಅಕ್ಕ ಬಟ್ಟೆ ಹೊಲಿಯುವವಳು. ದೃಷ್ಟಿ ಮಸುಕಾಗುತ್ತಾ ಹೋಗುತ್ತದೆ, ನೋಡಬೇಕೆಂದಿರುವುದನ್ನೆಲ್ಲ ಈ ವರ್ಷವೇ ನೋಡಿಬಿಡಿ ಎಂದು ಕಣ್ಣಿನ ಡಾಕ್ಟರು ಅವಳಿಗೆ ಹೇಳಿದಾಗ, ಅವಳು ಕಡಲನ್ನೋ ಅರಮನೆಯನ್ನೋ ಕೇಳಿಯಾಳೆಂದು ನಾವೆಲ್ಲ ಕಾದಿದ್ದರೆ, ಅವಳು ಕೇಳಿದ್ದು ತಮ್ಮ ಕಾಡುದಾರಿಯ ತುದಿಯಲ್ಲಿರುವ ನದಿಯ ತಿರುವನ್ನು. ಅಲ್ಲಿ ಹಸಿರು ನೀರಿನದೊಂದು, ಕೆಂಪು ನೀರಿನದೊಂದು, ಎರಡು ಹೊಳೆಗಳು ಕೂಡಿಯೂ ಬೆರೆಯದೆ ತುಸು ದೂರ ಪಕ್ಕಪಕ್ಕದಲ್ಲೇ ಹರಿಯುತ್ತವಂತೆ. "ಜೀವನಪೂರ್ತಿ ಬಟ್ಟೆಗೆ ಬಟ್ಟೆ ಕೂಡಿಸಿದ್ದೀನಿ ಕಣೋ, ನೀರಿಗೆ ನೀರು ಹೇಗೆ ಕೂಡಿಸಿದ್ದಾರೆ ಅಂತ ಒಂದ್ಸಲ ನೋಡ್ಬೇಕು" ಎಂಬುದು ಅವಳ ಆಸೆ.

ಹಾಗಾಗಿ ಬುತ್ತಿ, ನೀರು, ಮುಲಾಮು ತುಂಬಿದ ಚೀಲವನ್ನು ಬೆನ್ನಿಗೇರಿಸಿಕೊಂಡು ನಾನು ಮುಂದೆ, ಅಕ್ಕ ನಡುವೆ, ಮಂಡಿನೋವನ್ನು ಶಪಿಸುತ್ತಾ ಗ್ಯಾರೇಜಿನ ಮೇಸ್ತ್ರಿಯಾದ ಭಾವ ಹಿಂದೆ, ಹೀಗೆ ಹೊರಟೆವು. ದಾರಿಯುದ್ದಕ್ಕೂ ತಮ್ಮ ಕಾಳಜಿ ಎದ್ದು ಕಾಣುತ್ತಿತ್ತು. ಮರದ ಮುಂದೆ "ಇದು ಮರ" ಎಂಬ ಫಲಕವಿದ್ದುದರಿಂದ ನಮಗೆ ಎಲ್ಲಿಯೂ ಗೊಂದಲವಾಗಲಿಲ್ಲ. ಕಾಡಿನಲ್ಲಿ ಮೌನ ಕಾಪಾಡಬೇಕೆಂದು ಧ್ವನಿವರ್ಧಕವೊಂದು ಪುರುಸೊತ್ತಿಲ್ಲದೆ ಅರಚುತ್ತಿದ್ದುದರಿಂದ ಹಕ್ಕಿಗಳು ಶಿಸ್ತನ್ನು ಕಲಿತು, ಊರು ಬಿಟ್ಟು ಹೋಗಿದ್ದವು.

ಕೊನೆಯ ಏರನ್ನು ಅಕ್ಕ ನನ್ನ ಭುಜ ಹಿಡಿದು, ಪ್ರತಿ ಬೇರನ್ನೂ ಪಾದದಿಂದ ತಡವಿ ತಡವಿ ಹತ್ತಿದಳು. ಹತ್ತಿ ನಿಂತರೆ ಎದುರಿಗೆ ನದಿಯಿಲ್ಲ, ನದಿಯ ಚಿತ್ರವಿತ್ತು! ಯಾವ ಜಾಗದಲ್ಲಿ ನಿಂತರೆ ಹೊಳೆಗಳ ಕೂಡಲ ಕಾಣುತ್ತದೋ ಸರಿಯಾಗಿ ಅಲ್ಲೇ, ಅದೇ ಕೂಡಲದ ಚಿತ್ರವನ್ನು ಗೋಡೆಯಷ್ಟು ಅಗಲದ ಬೋರ್ಡಿನಲ್ಲಿ ಅಚ್ಚು ಹಾಕಿಸಿ, ಜನರು ಪಕ್ಕದಿಂದ ಇಣುಕಿ ನದಿಯನ್ನು ಸವೆಸಬಾರದೆಂದು ಎರಡೂ ಕಡೆಗೆ ತಗಡಿನ ಬೇಲಿ ಕಟ್ಟಿಸಿದ್ದೀರಿ. ಹೋಗಲಿ, ಚಿತ್ರವನ್ನಾದರೂ ನೋಡೋಣವೆಂದರೆ, ಹಸಿರೂ ಕೆಂಪೂ ಸೇರುವ ಆ ಗೆರೆಯ ಮೇಲೆಯೇ ತಮ್ಮ ಭಾವಚಿತ್ರ ವಿರಾಜಮಾನವಾಗಿದೆ. ಅಕ್ಕ ಹತ್ತಿರ ಹೋಗಿ, ಮೂಗು ತಾಗಿಸುವಷ್ಟು ಬಗ್ಗಿ, "ಇದೇನೋ ಇದು, ನೀರಿನ ಮಧ್ಯೆ ಕಪ್ಪಗೆ? ಬಂಡೆನಾ?" ಎಂದು ಕೇಳಿದಳು. "ಬಂಡೆ ಅಲ್ಲ ಕಣೇ, ಸಾಹೇಬರ ಮೀಸೆ" ಎಂದರು ಭಾವ.

ಕಾವಲುಗಾರರು ಸಜ್ಜನರು. "ಅದೇ ನದೀನೇ ಅಮ್ಮಾ ಇದೂನೂ, ಇದ್ರಲ್ಲಿ ಇನ್ನೂ ನೀಟಾಗಿ ಬಂದಿದೆ" ಎಂದು ಸಮಾಧಾನ ಹೇಳಿದರು. ಒಪ್ಪಿದೆ. ತಮ್ಮ ನದಿ ಬತ್ತುವುದಿಲ್ಲ, ಕದಡುವುದಿಲ್ಲ, ಯಾರ ಚಪ್ಪಲಿಯನ್ನೂ ಒಯ್ಯುವುದಿಲ್ಲ. ಬೋರ್ಡಿನ ಹಿಂದೆ ಸುಮ್ಮನೆ ಸದ್ದು ಮಾಡುತ್ತಿದ್ದ ಅಸಲಿ ನದಿಗೆ ಇಷ್ಟು ಸಭ್ಯತೆ ಎಲ್ಲಿಂದ ಬರಬೇಕು? ಆ ಸದ್ದನ್ನೇ ಕೇಳುತ್ತಾ ಅಕ್ಕ ಬಹಳ ಹೊತ್ತು ನಿಂತಿದ್ದಳು. ಆಮೇಲೆ ನನ್ನ ಭುಜ ಹಿಡಿದು, ಬೇರುಗಳನ್ನು ತಡವುತ್ತಾ ಇಳಿದಳು.

ಮರುದಿನ ತಮ್ಮ ಕಚೇರಿಗೆ ಬಂದು ವಿಚಾರಿಸಿದರೆ, ಬೋರ್ಡಿನಲ್ಲಿರುವವರ ಅಪ್ಪಣೆಯಿಲ್ಲದೆ ಬೋರ್ಡನ್ನು ಮುಟ್ಟುವಂತಿಲ್ಲ, ಮುಂದಿನ ವರ್ಷ ಪರಿಶೀಲಿಸೋಣ ಎಂದು ಗುಮಾಸ್ತರು ತಲೆಯೆತ್ತದೆ ಅಪ್ಪಣೆ ಕೊಡಿಸಿದರು. ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ: ಬೋರ್ಡು ಕದಲದಿದ್ದರೆ ನದಿಯನ್ನೇ ಹತ್ತು ಮಾರು ಎಡಕ್ಕೆ ವರ್ಗಾವಣೆ ಮಾಡಿಸಬೇಕು. ನದಿಗಳ ವರ್ಗಾವಣೆ ತಮ್ಮ ವ್ಯಾಪ್ತಿಗೆ ಬರುವುದಿಲ್ಲವಾದರೆ, ಬೋರ್ಡಿನಲ್ಲಿ ತಾವು ಕೊಂಚ ಪಕ್ಕಕ್ಕೆ ಸರಿದು ನಿಲ್ಲುವ ಕೃಪೆ ಮಾಡಬೇಕು. ಅದೂ ಆಗದಿದ್ದರೆ, ಅಕ್ಕನ ಕಣ್ಣುಗಳಿಗೆ ಮುಂದಿನ ವರ್ಷದ ಪರಿಶೀಲನೆಯವರೆಗೆ ಮಸುಕಾಗಕೂಡದೆಂದು ತಮ್ಮ ಮೊಹರು ಹಾಕಿ ಒಂದು ಆದೇಶ ಕಳಿಸಬೇಕು. ಡಾಕ್ಟರ ಮದ್ದಿನ ಮಾತನ್ನು ಅವು ಕೇಳುತ್ತಿಲ್ಲ. ತಮ್ಮ ಮಾತನ್ನಾದರೂ ಕೇಳಬಹುದು.

ತಮ್ಮ ಮೀಸೆಯ ಆಚೆಗೆ ಏನಿದೆಯೆಂದು ಇನ್ನೂ ಅರಿಯದ,
ತಮ್ಮ ವಿಶ್ವಾಸಿ,
ಅಕ್ಕನ ತಮ್ಮ

ತಾ.ಕ.: ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ. ಬರುವ ಭಾನುವಾರ ನಾವು ಮತ್ತೆ ಬರುತ್ತಿದ್ದೇವೆ. ಬೋರ್ಡನ್ನು ಹಿಡಿದಿರುವುದು ನಾಲ್ಕೇ ನಟ್ಟು, ಅದರಲ್ಲೂ ಒಂದು ಸಡಿಲ ಎಂದು ಭಾವ ಅವತ್ತೇ ನೋಡಿಟ್ಟಿದ್ದಾರೆ. ಸ್ಪ್ಯಾನರನ್ನು ಈಗಾಗಲೇ ನನ್ನ ಬೆನ್ನುಚೀಲಕ್ಕೆ ಸೇರಿಸಿಯೂ ಆಗಿದೆ. ತಮ್ಮ ಮುಖಕ್ಕೆ ಗೀರು ಬೀಳದಂತೆ ಹುಲ್ಲಿನ ಮೇಲೆ ಅಂಗಾತ ಮಲಗಿಸುತ್ತೇವೆ. ಅಕ್ಕ ನದಿ ನೋಡಿ ಮುಗಿಸುವವರೆಗೆ ತಾವೂ ಆಕಾಶ ನೋಡುತ್ತಿರಬಹುದು.