ಮೇಷ್ಟ್ರ ತೊಟ್ಟಿಗೊಂದು ನಲ್ಲಿ

ತೊಟ್ಟಿಯಲ್ಲಿ ನಲ್ಲಿ ಕೂರಿಸಲು ತೂತೇ ಇರಲಿಲ್ಲ. ಒಡಾರ್ಟೆ ಮೇಷ್ಟ್ರ ಆ ದಿನದ ಪಾಡೆಲ್ಲ ಹೊರಬಿದ್ದದ್ದು ಆ ಇಲ್ಲದ ತೂತಿನಿಂದ.

ಮುಚ್ಚಿಹೋದ ಒಂದು ಹೋಟೆಲಿನವರಿಂದ ಕೊಂಡ ಸ್ನಾನದ ತೊಟ್ಟಿ ಅದು. ಬೆಳ್ಳಗೆ, ನಾಲ್ಕು ಸಿಂಹಪಾದಗಳ ಮೇಲೆ, ಗೋಡೆಯ ಹಂಗಿಲ್ಲದೆ ತನ್ನಷ್ಟಕ್ಕೆ ನಿಲ್ಲುವಂಥದ್ದು. ಮೂರು ವಾರದ ಹಿಂದೆ ಹೆಂಡತಿ ಅಜೆಲೆ ಟೆಮಾದಲ್ಲಿದ್ದ ಅಕ್ಕನ ಮನೆಗೆ ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ್ದಳು: "ಇಪ್ಪತ್ತೆರಡು ವರ್ಷ ಬಕೆಟ್ಟು ಹೊತ್ತೆ. ಇನ್ನು ಕೈ ತಿರುಗಿಸಿದ್ರೆ ನೀರು ಬೀಳೋ ಮನೆಗೇ ನಾನು ಬರೋದು." ಇವತ್ತು ನಾಲ್ಕು ಗಂಟೆಯ ವ್ಯಾನಿನಲ್ಲಿ ಬಂದು ನೋಡುತ್ತೇನೆ ಎಂದಿದ್ದಳು. ನಲ್ಲಿ ಇದ್ದರೆ ಇರುತ್ತಾಳೆ. ಇಲ್ಲದಿದ್ದರೆ ಅದೇ ವ್ಯಾನು ಹತ್ತುತ್ತಾಳೆ.

ಮೇಷ್ಟ್ರ ಓಣಿ ಇಕ್ಕಟ್ಟು. ತೊಟ್ಟಿ ತಂದ ಲಾರಿಯವನು ಓಣಿಯ ಬಾಯಲ್ಲೇ, ಓಕಾಯಿ ಮೇಸ್ತ್ರಿಯ ಅಂಗಡಿಯೆದುರು ಅದನ್ನು ಇಳಿಸಿ ಹೋಗಿಬಿಟ್ಟ. ಓಕಾಯಿ ಮೇಸ್ತ್ರಿ ಶವಪೆಟ್ಟಿಗೆ ಮಾಡುವವನು. ಸತ್ತವರಿಗೆ ಬದುಕಿನಲ್ಲಿ ಯಾವುದು ಇಷ್ಟವೋ ಆ ಆಕಾರದ ಪೆಟ್ಟಿಗೆ. ಬೆಸ್ತನಿಗೆ ಮೀನು, ಚಾಲಕನಿಗೆ ಬಸ್ಸು, ಈರುಳ್ಳಿ ಮಾರುವವಳಿಗೆ ಕೆಂಪು ಈರುಳ್ಳಿ. ಬದುಕಿರುವಾಗಲೇ ಬಂದು ಬಣ್ಣ ಆರಿಸಿ ಹೋಗುವವರೂ ಕಡಲ ದಡದ ಈ ಟೆಶಿ ಊರಲ್ಲಿ ಉಂಟು.

ಹತ್ತು ಗಂಟೆಗೆ ನಲ್ಲಿ ಅಂಗಡಿಯ ಸೋವಾ ಒಂದು ಚೀಲ ನಲ್ಲಿ ಹೊತ್ತು ಬಂದ. ತೊಟ್ಟಿಯನ್ನು ಮೂರು ಸುತ್ತು ಸುತ್ತಿದ.

"ಮೇಷ್ಟ್ರೇ, ತೂತಿಲ್ಲ."

"ಕೊರೆಯೋಕಾಗಲ್ವಾ?"

"ಕೊರೆದ್ರೆ ಮೊಟ್ಟೆ ಒಡೆದಂಗೆ ಒಡೆಯತ್ತೆ. ಗೋಡೆಗೆ ಹಾಕಿದ್ರೆ ನೀರು ತೊಟ್ಟಿವರೆಗೂ ಬರಲ್ಲ. ನೆಲದಿಂದ ಎದ್ದು ಒಳಗೆ ಬಗ್ಗೋ ನಲ್ಲಿ ಬೇಕು, ಕೊಕ್ಕರೆ ತರ. ಎಲ್ಲಿ ನಿಲ್ಲಿಸ್ಲಿ? ತಲೆ ಹತ್ರಾನಾ, ಕಾಲ ಹತ್ರಾನಾ? ಅದು ಗೊತ್ತಾಗದೆ ನಾನು ನೆಲ ಅಗೆಯಲ್ಲ. ಒಂದ್ಸಲ ಮಲಗಿ ತೋರ್ಸಿ."

ಮೇಷ್ಟ್ರು ಚಪ್ಪಲಿ ಬಿಟ್ಟು ಒಳಗೆ ಮಲಗಿದರು. ಕೈಗಳು ತಾವಾಗಿ ಎದೆಯ ಮೇಲೆ ಕೂಡಿಕೊಂಡವು. ಕಣ್ಣು ಮುಚ್ಚಿತು. ತೊಟ್ಟಿಯೊಳಗೆ ಎಂಥ ಮೌನ! ಮದುವೆಯಾದ ಮೇಲೆ ಅವರು ಕೇಳಿಯೇ ಇರದಂಥ ಮೌನ. ಸೋವಾ ಟೇಪು ಹಿಡಿದು ನೆತ್ತಿಯಿಂದ ಹಿಮ್ಮಡಿವರೆಗೆ ಅಳೆದ. ಓಕಾಯಿ ಮೇಸ್ತ್ರಿ ಅಭ್ಯಾಸಬಲದಿಂದ ಬಗ್ಗಿ ನೋಡಿ, "ಭುಜದ ಹತ್ರ ಸ್ವಲ್ಪ ಬಿಗಿ," ಎಂದ.

ಸರಿಯಾಗಿ ಆಗಲೇ ಕೊರ್ಕೋಯಿ ಅಕ್ಕ ತಲೆಯ ಮೇಲೆ ಕೆಂಕೆ ಕಡುಬಿನ ಬೋಗುಣಿ ಹೊತ್ತು ಹಾದುಹೋದಳು. ನೋಡಿದಳು. ಒಂದು ಮಾತೂ ಆಡಲಿಲ್ಲ. ಕೊರ್ಕೋಯಿ ಅಕ್ಕ ಸುಮ್ಮನಾಗುವುದೆಂದರೆ ಕಡಲು ಸುಮ್ಮನಾದ ಹಾಗೆ; ಹಿಂದೆಯೇ ಏನೋ ಬರುತ್ತದೆ.

ಅರ್ಧ ಗಂಟೆಯಲ್ಲಿ ಇಡೀ ಬೀದಿಗೆ ಗೊತ್ತಾಯಿತು: ಮೇಷ್ಟ್ರಿಗೆ ಡಾಕ್ಟರು ಕೈಬಿಟ್ಟಿದ್ದಾರೆ, ಪೆಟ್ಟಿಗೆ ಆರಿಸುತ್ತಿದ್ದಾರೆ, ಪಾಪ, ಸ್ನಾನ ಅಂದ್ರೆ ಪ್ರಾಣ ಅವರಿಗೆ.

ಅಕ್ಕ ಮರಳಿ ಬಂದಾಗ ಕೈಯಲ್ಲಿ ಎರಡು ಕೆಂಕೆ, ಮೂರು ಕರಿದ ಮೀನು.

"ತಿನ್ನಿ ಮೇಷ್ಟ್ರೇ. ದುಡ್ಡು ಬೇಡ. ಖಾರ ಜಾಸ್ತಿ ಹಾಕಿದೀನಿ. ಇನ್ನು ಹೊಟ್ಟೆ ಕೆಟ್ಟರೆಷ್ಟು ಬಿಟ್ಟರೆಷ್ಟು."

ಇವಳು ಹದಿನೈದು ವರ್ಷದಲ್ಲಿ ಒಂದು ಮೀನಿನ ಬಾಲ ಕೂಡ ಬಿಟ್ಟಿ ಕೊಟ್ಟವಳಲ್ಲ. ಮೇಷ್ಟ್ರು ಬೆರಗಾಗಿ ತಿನ್ನುತ್ತಲೇ ಕೇಳಿದರು, "ಅಕ್ಕ, ನೀನೇ ಹೇಳು. ಸ್ಟೀಲಿನ ನಲ್ಲಿ ಸಾಕಲ್ವಾ?"

"ಸ್ಟೀಲಾ? ಥೂ! ಇದೇನು ವಾರಕ್ಕೊಂದು ಸಲ ಮಾಡೋ ಕೆಲಸಾನಾ? ಬಂಗಾರದ ಬಣ್ಣದ್ದು ಹಾಕಿಸಿ."

"ನಾನೂ ಅದನ್ನೇ ಬಡ್ಕೊಂಡೆ," ಎಂದ ಸೋವಾ. ಅವನ ಚೀಲದಲ್ಲಿ ಬಂಗಾರದ ಬಣ್ಣದ ಕೊಕ್ಕರೆಯೊಂದು ಎರಡು ವರ್ಷದಿಂದ ಗಿರಾಕಿಗಾಗಿ ಕತ್ತು ಚಾಚಿಕೊಂಡಿತ್ತು.

ಅಷ್ಟರಲ್ಲಿ ಚರ್ಚಿನ ಹಿರಿಯ ಲಾರ್ಯೆ ಬಂದು ಮೇಷ್ಟ್ರ ಹೆಗಲ ಮೇಲೆ ಕೈಯಿಟ್ಟರು. "ನಲ್ಲಿ ನಮ್ಮ ಸಭೆಯ ಕಾಣಿಕೆ ಅಂದ್ಕೊಳಪ್ಪ. ನಮ್ಮ ಮಕ್ಕಳಿಗೆಲ್ಲ ಓದು ಕಲಿಸಿದೋನು."

"ಅಯ್ಯೋ, ಒಂದು ನಲ್ಲಿಗೆ ಇಷ್ಟೆಲ್ಲ..." ಮೇಷ್ಟ್ರ ಕಣ್ಣು ತುಂಬಿತು. "ಹಾಗಾದ್ರೆ ಎರಡು ತಿರುಪು ಇರೋದೇ ಹಾಕಿಸ್ಲಾ? ಒಂದು ತಣ್ಣೀರಿಗೆ, ಒಂದು ಬಿಸಿನೀರಿಗೆ?"

ಲಾರ್ಯೆ ಗಂಭೀರವಾಗಿ ಯೋಚಿಸಿದರು. "ತಣ್ಣೀರು ಸಾಕು. ಬಿಸಿ ಕಡೆ ನಿನ್ನನ್ನ ಕಳಿಸಲ್ಲ, ನಾನು ಪ್ರಾರ್ಥನೆ ಮಾಡ್ತೀನಿ."

ಸೋವಾ ಬಂಗಾರದ ಕೊಕ್ಕರೆಯನ್ನು ಅಂದ ನೋಡಲೆಂದು ತೊಟ್ಟಿಗೆ ಒರಗಿಸಿ ಹಗ್ಗ ಬಿಗಿದ. ಬಿಸಿಲಿಗೆ ಅದು ಹೊಳೆದದ್ದು ಕಂಡು ಬೀದಿಯೇ "ಆಹಾ!" ಎಂದಿತು. ಸೋವಾ ಮೇಷ್ಟ್ರ ಮನೆಗೆ ಹೋಗಿ ನೆಲ ಅಗೆದು ಪೈಪು ಎಬ್ಬಿಸಿದ. ಇನ್ನು ತೊಟ್ಟಿಯನ್ನು ಹೊತ್ತು ಒಳಗಿಟ್ಟರೆ ಮುಗಿಯಿತು. "ನಾಲ್ಕು ಜನ ಕೈ ಕೊಡ್ತೀರಾ?" ಎಂದು ಮೇಷ್ಟ್ರು ಕೇಳಿದ್ದಷ್ಟೇ, ಹದಿನಾಲ್ಕು ಜನ ಬಂದರು. ಎಲ್ಲರೂ ಸಾವಿನ ಮನೆಗೆ ಉಡುವ ಕಪ್ಪು ಬಟ್ಟೆ, ಕೆಂಪು ಬಟ್ಟೆ. ಒಬ್ಬ ಡೋಲು ಬೇರೆ ತಂದಿದ್ದ.

"ಒಡಾರ್ಟೆ," ಲಾರ್ಯೆ ಕಿವಿಯ ಹತ್ತಿರ ಬಗ್ಗಿದರು. "ಬರೋ ಶನಿವಾರ ಸಭಾಂಗಣ ಖಾಲಿ ಇದೆ. ಆಮೇಲೆ ಎರಡು ತಿಂಗಳು ಸಿಗಲ್ಲ. ನಿನಗೆ ಶನಿವಾರದೊಳಗೆ... ಆಗತ್ತಾ?"

"ಸ್ನಾನಕ್ಕೆ ಸಭಾಂಗಣ ಯಾಕೆ?"

"ಸ್ನಾನ ಮನೇಲೇ ಮಾಡಿಸ್ತಾರೆ. ಸಭಾಂಗಣ ಅಂತಿಮ ದರ್ಶನಕ್ಕೆ."

ಮೇಷ್ಟ್ರು ಕಪ್ಪು ಬಟ್ಟೆಗಳನ್ನು ನೋಡಿದರು. ಡೋಲು ನೋಡಿದರು. ಅಂಗಡಿಯ ಮೇಲಿನ ಫಲಕ ನೋಡಿದರು.

"ನಾನು ಸಾಯ್ತಾ ಇಲ್ಲ!" ಮೇಷ್ಟ್ರು ಕಿರುಚಿದರು. "ಇದು ಮೈ ತೊಳೆಯೋ ತೊಟ್ಟಿ!"

"ಸಾಯ್ತಾ ಇಲ್ವಾ?" ಕೊರ್ಕೋಯಿ ಅಕ್ಕ ಸೊಂಟಕ್ಕೆ ಕೈಯಿಟ್ಟಳು. "ಹಾಗಾದ್ರೆ ನಾನು ಬೆಳಗಿಂದ ಅತ್ತಿದ್ದು? ಮೂರು ಮೀನು ತಿಂದಿರಲ್ಲ, ಆಗ ಬಾಯಿ ಇರ್ಲಿಲ್ವಾ?"

ಆ ಗದ್ದಲದ ನಡುವೆ ಮೂರು ಗಂಟೆಯ ವ್ಯಾನು ನಿಂತಿತು. ಮೇಷ್ಟ್ರು ಪೆಟ್ಟಿಗೆ ಆರಿಸುತ್ತಿದ್ದಾರೆಂದು ಅಜೆಲೆಗೆ ಯಾರೋ ಫೋನು ಮಾಡಿದ್ದರು. ದಾರಿಯುದ್ದಕ್ಕೂ ಅತ್ತ ಮುಖ ಹೊತ್ತು ಇಳಿದವಳು ಗಂಡನನ್ನು ಕಂಡು ಅಪ್ಪಿಕೊಂಡಳು, ಆಮೇಲೆ ಕೈಚೀಲದಿಂದ ನಾಲ್ಕು ಬಾರಿಸಿದಳು, ಮತ್ತೆ ಅಪ್ಪಿಕೊಂಡಳು. ಅವರ ಭುಜದಾಚೆ ಅವಳಿಗೆ ತೊಟ್ಟಿ ಕಂಡದ್ದು ಆಗಲೇ.

ಅವಳು ಹೋಗಿ ಸಿಂಹಪಾದ ಸವರಿದಳು. ಬಂಗಾರದ ಕೊಕ್ಕರೆಯ ಕತ್ತು ನೇವರಿಸಿದಳು. ಚಪ್ಪಲಿ ಬಿಟ್ಟು ಒಳಗೆ ಮಲಗಿದಳು. ಅವಳ ಭುಜಕ್ಕೆ ಅದು ಹೇಳಿ ಮಾಡಿಸಿದ ಹಾಗಿತ್ತು.

"ನನಗೆ ಆ ಮೇಸ್ತ್ರಿ ಕೆಂಕೆ ಆಕಾರದ ಪೆಟ್ಟಿಗೆ ಮಾಡ್ತಾನಂತೆ," ಕೊರ್ಕೋಯಿ ಅಕ್ಕ ಹೊಟ್ಟೆಯುರಿಯಿಂದ ಗೊಣಗಿದಳು. "ಕೆಲವರ ಹಣೆಬರಹ!"

ಅಜೆಲೆ ಎದ್ದು ಕೂತಳು. ಮುಖದ ಮೇಲೆ ಬೆಳಕು.

"ರೀ, ಇದು ನನಗೆ."

"ನಿನಗೇ ತಂದಿದ್ದು ಕಣೆ! ಇನ್ನೊಂದು ಗಂಟೆಯಲ್ಲಿ ಕೈ ತಿರುಗಿಸಿದ್ರೆ ನೀರು—"

"ನೀರಾ? ಇದರೊಳಗೆ ಒಂದು ಹನಿ ಬಿದ್ದರೆ ನೋಡಿ! ಟೆಶಿಯಲ್ಲಿ ಯಾವ ಹೆಂಗಸು ಇಂಥದ್ದರಲ್ಲಿ ಮಲಗಿ ಮಣ್ಣಿಗೆ ಹೋಗಿದಾಳೆ? ಕಂಬಳಿ ಸುತ್ತಿ ನಡುಮನೇಲಿ ಇಡಿ. ನಲವತ್ತು ವರ್ಷ ಬಿಟ್ಟು ಬೇಕಾಗತ್ತೆ."

"ಮತ್ತೆ ಸ್ನಾನ?"

"ಬಕೆಟ್ಟಿದೆಯಲ್ಲ."

"ಆ ಪೈಪಿಗೆ ಬೇರೆ ನಲ್ಲಿನಾದ್ರೂ..."

"ಮುಚ್ಚಳಕ್ಕೆ ದುಡ್ಡು ಬೇಡ್ವಾ?"

"ಬಕೆಟ್ಟು ಹೊರೋದು ಯಾರು?"

ಹದಿನಾಲ್ಕು ಜನ ಮೇಷ್ಟ್ರನ್ನೇ ನೋಡಿದರು. ಸೋವಾ ಪೈಪಿಗೆ ಬಿರಡೆ ಬಡಿಯಲು ಹೊರಟ.

ಆಗ ಓಕಾಯಿ ಮೇಸ್ತ್ರಿ ಅಂಗಡಿಯೊಳಗಿಂದ ಎರಡು ಕೈಯಲ್ಲಿ ಎರಡು ಹಿಡಿಕೆ ಎತ್ತಿಕೊಂಡು ಬಂದು ಮೇಷ್ಟ್ರ ಮೂಗಿನ ಮುಂದೆ ಹಿಡಿದ.

"ಮುಚ್ಚಳಕ್ಕೆ ಯಾವುದು ಹಾಕ್ಲಿ, ಆರಿಸಿ."

ಮೇಷ್ಟ್ರು ಬಾಯಿ ತೆರೆಯುವ ಮೊದಲೇ, ಮತ್ತೆ ಒರಗಿ ಎದೆಯ ಮೇಲೆ ಕೈ ಕೂಡಿಸಿದ್ದ ಅಜೆಲೆ ಒಂದೇ ಒಂದು ಕಣ್ಣು ತೆರೆದಳು.

"ಎಡಗೈಲಿರೋದು," ಎಂದಳು.