ಹನ್ನೆರಡು ಹೋಟೆಲು, ಒಂದು ಡಬ್ಬಿ

ಒಂದು ಊರಿನ ಬಗ್ಗೆ ತನಗೆ ಎಲ್ಲವೂ ಗೊತ್ತು ಎಂದು ನಂಬಿಕೊಂಡವನನ್ನು ಸೋಲಿಸಲು ಕಷ್ಟದ ಪ್ರಶ್ನೆಗಳೇನೂ ಬೇಕಿಲ್ಲ. 'ಇಲ್ಲಿ ಕಡಿಮೆ ಖರ್ಚಿನಲ್ಲಿ ಒಳ್ಳೆಯ ಊಟ ಎಲ್ಲಿ ಸಿಗುತ್ತದೆ?' ಎಂದು ಕೇಳಿದರೆ ಸಾಕು. ನಾನು ಇಪ್ಪತ್ತೆರಡು ವರ್ಷಗಳಿಂದ ಶಿವಮೊಗ್ಗದ ಒಂದು ಪತ್ರಿಕೆಯಲ್ಲಿ ಜಿಲ್ಲಾ ಪುರವಣಿಯ ಪುಟಗಳನ್ನು ನೋಡಿಕೊಳ್ಳುವವನು. ಯಾವ ಬಡಾವಣೆಯಲ್ಲಿ ನೀರಿನ ಪೈಪು ಒಡೆದಿದೆ, ಮಂಡಿಯಲ್ಲಿ ರಾಶಿ ಅಡಿಕೆಗೆ ಇವತ್ತು ಏನು ಧಾರಣೆ, ಯಾವ ರಸ್ತೆಯನ್ನು ಎಷ್ಟನೇ ಸಲ ಅಗೆಯುತ್ತಿದ್ದಾರೆ, ಎಲ್ಲವನ್ನೂ ಹೇಳಬಲ್ಲೆ. ಆದರೆ ಈ ಇಪ್ಪತ್ತೆರಡು ವರ್ಷಗಳಲ್ಲಿ ಶಿವಮೊಗ್ಗದ ಯಾವ ಹೋಟೆಲಿನಲ್ಲೂ ನಾನು ಮಧ್ಯಾಹ್ನದ ಊಟ ಮಾಡಿರಲಿಲ್ಲ. ಕಾರಣ, ಡಬ್ಬಿ.

ನಮ್ಮ ಮನೆ ಭದ್ರಾವತಿಯಲ್ಲಿ. ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವ ಮೊದಲು ನನ್ನ ಹೆಂಡತಿ ಪ್ರಮೀಳಾ ಮೂರು ಅಂತಸ್ತಿನ ಸ್ಟೀಲ್ ಕ್ಯಾರಿಯರನ್ನು ನನ್ನ ಚೀಲಕ್ಕೆ ಇಳಿಸುತ್ತಾಳೆ. ಅದು ಅವಳ ತಂದೆಯದು. ಕಬ್ಬಿಣದ ಕಾರ್ಖಾನೆಗೆ ಅವರು ಪಾಳಿಗೆ ಹೋಗುವಾಗ ಒಯ್ಯುತ್ತಿದ್ದದ್ದು. ಮುಚ್ಚಳದ ಮೇಲೆ ಅವರ ಟೋಕನ್ ನಂಬರ್ ಇನ್ನೂ ಇದೆ. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದವಳಿಗೆ ಡಬ್ಬಿ ಎಂದರೆ ಬರೀ ಊಟವಲ್ಲ, ಮನೆಯ ಮರ್ಯಾದೆ. ನಾನು ಅದನ್ನು ಮೇಜಿನ ಮೇಲೆ ಬಿಚ್ಚಿಟ್ಟುಕೊಂಡು, ಪ್ರೂಫ್ ನೋಡುತ್ತಾ ಖಾಲಿ ಮಾಡುತ್ತೇನೆ. ಬಲಗೈಯಲ್ಲಿ ಅನ್ನ, ಎಡಗೈಯಲ್ಲಿ ಪೆನ್ನು. ಈ ಅಭ್ಯಾಸದಿಂದ ಎಡಗೈಯಲ್ಲೂ ತಪ್ಪಿಗೆ ಗುರುತು ಹಾಕುವಷ್ಟು ಬರವಣಿಗೆ ಕೈವಶವಾಗಿದೆ. ಆದರೆ ಮಧ್ಯಾಹ್ನ ಏನು ಪಲ್ಯ ಇತ್ತು ಎಂದು ಸಂಜೆ ಯಾರಾದರೂ ಕೇಳಿದರೆ ನೆನಪಾಗುವುದು ಮೂರನೇ ಪುಟದ ಶೀರ್ಷಿಕೆ.

ಹೀಗಿರುವಾಗ ಶಿವಮೊಗ್ಗಕ್ಕೆ ಒಂದು ಸಮ್ಮೇಳನ ಬಂತು. ಬೇರೆ ಬೇರೆ ಜಿಲ್ಲೆಗಳ ಉಪಸಂಪಾದಕರು ಮೂರು ದಿನ ಒಂದೆಡೆ ಕೂತು ಭಾಷೆ, ಶೀರ್ಷಿಕೆ, ತಂತ್ರಜ್ಞಾನ ಎಂದೆಲ್ಲ ಚರ್ಚಿಸುವುದು. ಸಭಾಂಗಣ ಸಿಕ್ಕಿತ್ತು, ತಂಗುವ ಕೋಣೆಗಳೂ ಸಿಕ್ಕಿದ್ದವು. ಅಷ್ಟಕ್ಕೆ ದುಡ್ಡು ಮುಗಿದದ್ದರಿಂದ ಊಟದ ವ್ಯವಸ್ಥೆ ಪ್ರತಿನಿಧಿಗಳದ್ದೇ ಎಂದು ಆಹ್ವಾನ ಪತ್ರಿಕೆಯಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಿಸಲಾಗಿತ್ತು. ಸಂಪಾದಕರು ನನ್ನನ್ನು ಕರೆದು, 'ಊರಿನ ನಡುವೆ, ಸಭಾಂಗಣದಿಂದ ನಡೆದು ಹೋಗುವಷ್ಟು ದೂರದಲ್ಲಿ, ಜೇಬಿಗೆ ಭಾರ ಆಗದ ಹನ್ನೆರಡು ಹೋಟೆಲಿನ ಪಟ್ಟಿ ಮಾಡಿ. ಬರೋರಿಗೆ ಹಂಚೋಣ. ವಿಮಾನದಲ್ಲಿ ಸೋಗಾನೆಗೆ ಬಂದು ಇಳಿಯೋರೂ ಇದಾರಂತೆ. ಆದ್ರೆ ಊಟಕ್ಕೆ ಅಗ್ಗದ ಜಾಗ ಯಾವುದು ಅಂತ ಮೊದಲು ಕೇಳಿದ್ದು ಅವರೇ' ಎಂದರು. 'ನಿಮಗೆ ಗೊತ್ತಿಲ್ಲದ್ದು ಏನಿದೆ' ಎಂದೂ ಸೇರಿಸಿದರು. ನಾನು ತಲೆಯಾಡಿಸಿದೆ. ತಲೆಯಾಡಿಸುವಾಗ ಸತ್ಯಾಂಶವನ್ನು ಪರಿಶೀಲಿಸುವ ಪದ್ಧತಿ ನಮ್ಮ ಕಚೇರಿಯಲ್ಲಿ ಇಲ್ಲ.

ಊರಿನ ನಡುಭಾಗ ಯಾವುದು ಎಂಬಲ್ಲಿಂದಲೇ ತೊಡಕು ಶುರುವಾಯಿತು. ಗಾಂಧಿ ಬಜಾರಿನ ಜವಳಿ ಅಂಗಡಿಯವರನ್ನು ಕೇಳಿದರೆ ಊರಿನ ನಡುಭಾಗ ಅವರ ಗಲ್ಲಾಪೆಟ್ಟಿಗೆ. ಸವಳಂಗ ರಸ್ತೆಯಲ್ಲಿ ಮನೆ ಕಟ್ಟಿಸಿದವರ ಪ್ರಕಾರ ಅದು ಹತ್ತು ವರ್ಷದ ಹಿಂದೆಯೇ ಅವರ ಕಡೆಗೆ ಸರಿದಿದೆ. ನಾನು ಸಭಾಂಗಣವನ್ನೇ ನಡು ಎಂದು ಘೋಷಿಸಿಕೊಂಡೆ. ನೋಡದೆ ಬರೆಯಬಾರದು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಂದ ಖಚಿತಪಡಿಸಿಕೊಳ್ಳದೆ ಅಚ್ಚಿಗೆ ಕೊಡಬಾರದು ಎಂಬುದು ನಾನು ಹೊಸಬರಿಗೆ ಕಲಿಸುವ ಮೊದಲ ಪಾಠ. ಆದ್ದರಿಂದ ಹನ್ನೆರಡೂ ಹೋಟೆಲುಗಳಲ್ಲಿ ನಾನೇ ಉಣ್ಣಬೇಕಿತ್ತು. ಸೋಮವಾರದಿಂದ ಶನಿವಾರದವರೆಗೆ ದಿನಕ್ಕೆ ಎರಡರಂತೆ ಲೆಕ್ಕ ಹಾಕಿದೆ. ಹಾಗಾದರೆ ಡಬ್ಬಿ?

ಭಾನುವಾರ ಸಂಜೆ, 'ನಾಳೆಯಿಂದ ಒಂದು ವಾರ ಡಬ್ಬಿ...' ಎಂದು ಆರಂಭಿಸಿದೆ.

'ಯಾಕೆ, ಏನಾಯ್ತು ಡಬ್ಬಿಗೆ?' ಎಂದಳು ಪ್ರಮೀಳಾ, ಒಗ್ಗರಣೆ ಸೌಟು ಕೈಯಲ್ಲೇ ಹಿಡಿದು.

'ಏನಿಲ್ಲ, ಸ್ವಲ್ಪ ಭಾರ ಅನ್ನಿಸ್ತದೆ.'

'ನಮ್ಮಪ್ಪ ಅದನ್ನ ಸೈಕಲ್ಲಿಗೆ ನೇತಾಕೊಂಡು ಮೂವತ್ತು ವರ್ಷ ಹೋದ್ರು. ನೀವು ಬಸ್ಸಲ್ಲಿ ಕೂತ್ಕೊಂಡು ಹೋಗ್ತೀರಿ.'

ಮಂತ್ರಿಗಳ ಹೇಳಿಕೆಯನ್ನು ಅರ್ಧಕ್ಕೆ ಕತ್ತರಿಸಿದ ಅನುಭವ ನನಗಿದೆ. ನನ್ನ ಹೇಳಿಕೆ ಅರ್ಧಕ್ಕೇ ಕತ್ತರಿಸಿಹೋಯಿತು. ಹಿಂದೊಮ್ಮೆ ಯಾವುದೋ ಉದ್ಘಾಟನೆಯಲ್ಲಿ ಉಂಡು ಡಬ್ಬಿಯನ್ನು ತುಂಬಿದ ಹಾಗೆಯೇ ವಾಪಸ್ ತಂದಿದ್ದೆ. ಅವಳು ಬೈಯಲಿಲ್ಲ. ತಣ್ಣಗಾದ ಆ ಅನ್ನವನ್ನು ನನ್ನ ಎದುರೇ ಕೂತು, ಅಷ್ಟನ್ನೂ ಉಂಡಳು. ಬೈದಿದ್ದರೆ ಚೆನ್ನಾಗಿತ್ತು. ಆದ್ದರಿಂದ ಈ ಸಲ ನನ್ನ ಮುಂದೆ ಮೂರು ಕರಾರುಗಳಿದ್ದವು. ಡಬ್ಬಿ ಖಾಲಿಯಾಗಿ ಮನೆಗೆ ಹೋಗಬೇಕು. ಒಳಗಿನದನ್ನು ಎಸೆಯಬಾರದು. ಅವಳಿಗೆ ಗೊತ್ತಾಗಬಾರದು.

ಸೋಮವಾರ ಮಧ್ಯಾಹ್ನ ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿದ್ದ ಒಂದು ಮೆಸ್ಸಿಗೆ ಹೋದೆ. ಆರು ಮೇಜು, ಗೋಡೆಯ ಮೇಲೆ 'ಹೊರಗಿನ ತಿಂಡಿ ತಿನ್ನಬಾರದು' ಎಂಬ ಬೋರ್ಡು. ಬೋರ್ಡಿನ ಕೆಳಗೇ ಕೂತು, ಡಬ್ಬಿಯ ಚೀಲವನ್ನು ಪಕ್ಕದಲ್ಲಿಟ್ಟುಕೊಂಡು, ಒಂದು ತುತ್ತಿಗೆ ಒಂದು ಸಾಲು ಬರೆದುಕೊಳ್ಳತೊಡಗಿದೆ. ಐದನೇ ತುತ್ತಿನ ಹೊತ್ತಿಗೆ ಕೇಳದೆಯೇ ತುಪ್ಪ ಬಂತು. ಏಳನೆಯದಕ್ಕೆ ಎರಡನೇ ಹಪ್ಪಳ. ಬಡಿಸಲು ಬಂದವರು ಸ್ವತಃ ಮಾಲೀಕರು. ಶಂಕರಣ್ಣ ಎಂದು ಆಮೇಲೆ ತಿಳಿಯಿತು.

'ಸಾಹೇಬ್ರು ಆಹಾರ ಇಲಾಖೆಯವರಾ?'

ಅಲ್ಲ ಎಂದು ಸಮ್ಮೇಳನದ ವಿಷಯ ಹೇಳಿದೆ. ಅವರ ಮುಖದಲ್ಲಿ ತುಪ್ಪದ ಬಗ್ಗೆ ಸ್ವಲ್ಪ ಪಶ್ಚಾತ್ತಾಪ ಕಂಡಿತು. ಆಮೇಲೆ ಕಣ್ಣು ಚೀಲದ ಮೇಲೆ ಹೋಯಿತು.

'ಡಬ್ಬಿ ಇಟ್ಕೊಂಡು ಹೋಟೆಲಿಗೆ ಉಣ್ಣೋಕೆ ಬಂದೋರನ್ನ ನಾನು ಈವರೆಗೆ ನೋಡಿಲ್ಲ ಮಾರಾಯ್ರೆ. ಏನಿದೆ ಒಳಗೆ?'

'ನೋಡಿಲ್ಲ' ಎಂದೆ. ನಿಜವನ್ನೇ ಹೇಳಿದ್ದೆ.

ಶಂಕರಣ್ಣ ಮುಚ್ಚಳ ತೆಗೆದು ಒಂದೊಂದೇ ಅಂತಸ್ತು ಎತ್ತಿ ನೋಡಿದರು. ಚಪಾತಿ, ಹೀರೇಕಾಯಿ ಪಲ್ಯ, ಅನ್ನ, ಹುರುಳಿಕಾಳಿನ ಸಾರು. ಮೂವತ್ತು ವರ್ಷದಿಂದ ದಿನಾ ನೂರಾರು ಜನರಿಗೆ ಬಡಿಸುವ ಅವರು ಮಧ್ಯಾಹ್ನ ಉಣ್ಣುವುದು ಮೊಸರನ್ನ, ಉಪ್ಪಿನಕಾಯಿ ಮಾತ್ರವಂತೆ. 'ನಮ್ಮ ಸಾರಿನ ವಾಸನೆಗೇ ಹೊಟ್ಟೆ ತುಂಬಿಹೋಗ್ತದೆ. ಮನೇಲಿ ಮಾಡಿಕೊಡೋರು ಈಗ ಇಲ್ಲ' ಎಂದರು. ನನ್ನ ಮೂರೂ ಕರಾರುಗಳಿಗೆ ಇವರು ಒಪ್ಪುವ ಮನುಷ್ಯ ಎಂದು ಅಲ್ಲಿಯೇ ತೀರ್ಮಾನಿಸಿದೆ. ದಿನವೂ ಮಧ್ಯಾಹ್ನ ಡಬ್ಬಿಯನ್ನು ಅವರಲ್ಲಿ ಬಿಟ್ಟು, ಪಟ್ಟಿಯ ಹೋಟೆಲುಗಳನ್ನು ಸುತ್ತಿ, ಸಂಜೆ ತೊಳೆದ ಡಬ್ಬಿಯನ್ನು ಒಯ್ಯುವುದು ಎಂದಾಯಿತು.

ಮೊದಲ ಸಂಜೆ ಕ್ಯಾರಿಯರ್ ಜೊತೆ ಚೀಲದಲ್ಲಿ ಎರಡು ಬಾಳೆಹಣ್ಣು ಇದ್ದವು. 'ಖಾಲಿ ಡಬ್ಬಿ ವಾಪಸ್ ಕೊಡೋಕೆ ಕೈ ಬರಲ್ಲ ಮಾರಾಯ್ರೆ. ನಮ್ಮಮ್ಮ ಕಲಿಸಿದ್ದು' ಎಂದರು. ಮನೆಯಲ್ಲಿ ಗೊತ್ತಾದರೆ ನನ್ನ ಗತಿ ಏನು ಎಂದು ವಿವರಿಸಿದೆ. 'ಆಯ್ತು ಬಿಡಿ. ನಾಳೆಯಿಂದ ಹಣ್ಣು ಹಾಕಲ್ಲ' ಎಂದರು. ಹೇಳಿಕೆಯೊಂದರಲ್ಲಿ ಏನು ಹೇಳಿಲ್ಲ ಎಂಬುದನ್ನು ಗಮನಿಸಬೇಕೆಂದು ಹೊಸಬರಿಗೆ ಕಲಿಸುವವನೂ ನಾನೇ. ಹಣ್ಣುಗಳನ್ನು ಬಸ್ ಸ್ಟ್ಯಾಂಡಿನಲ್ಲೇ ತಿಂದು ನೆಮ್ಮದಿಯಿಂದ ಬಸ್ಸು ಹತ್ತಿದೆ.

ಆ ವಾರ ನಾನು ಕಂಡ ಸತ್ಯಗಳು ಹಲವು. ಒಂದು ಹೋಟೆಲಿನಲ್ಲಿ ಹಿತ್ತಾಳೆ ತಟ್ಟೆ, ತಣ್ಣನೆಯ ಗಾಳಿ, ದರವಿಲ್ಲದ ಮೆನು. ಪಟ್ಟಿಯಲ್ಲಿ 'ವಿವಾಹ ವಾರ್ಷಿಕೋತ್ಸವಕ್ಕೆ ಸೂಕ್ತ' ಎಂದು ಬರೆದೆ. ಇನ್ನೊಂದರಲ್ಲಿ ಜಾಗ ಸಿಗಬೇಕಾದರೆ ಉಣ್ಣುತ್ತಿರುವವರ ಬೆನ್ನ ಹಿಂದೆ ನಿಲ್ಲಬೇಕು; ಅನುಭವಿಗಳು ಮಜ್ಜಿಗೆಗೆ ಬಂದವರ ಹಿಂದೆಯೇ ನಿಲ್ಲುತ್ತಾರೆ, ನಾನು ಎರಡನೇ ಸಲ ಸಾಂಬಾರ್ ಕೇಳಿದವರ ಹಿಂದೆ ನಿಂತು ಇಪ್ಪತ್ತು ನಿಮಿಷ ಕಳೆದೆ. ಒಂದು ಮಿಲ್ಟ್ರಿ ಹೋಟೆಲಿನಲ್ಲಿ ಮುದ್ದೆಯನ್ನು ಅಗಿಯಲು ಹೋಗಿ ಪಕ್ಕದವರಿಂದ ಪಾಠ ಹೇಳಿಸಿಕೊಂಡೆ. ಸಂಜೆ ಮನೆಯಲ್ಲಿ ಎರಡನೇ ರೊಟ್ಟಿ ಬೇಡ ಎಂದಾಗಲೆಲ್ಲ 'ಆಫೀಸಲ್ಲಿ ಟೀ ಜಾಸ್ತಿ ಆಯ್ತು' ಎಂದೆ. ಪ್ರಮೀಳಾ ಏನೂ ಕೇಳಲಿಲ್ಲ. ಬುಧವಾರದ ಹೊತ್ತಿಗೆ ಡಬ್ಬಿ ಮೊದಲಿಗಿಂತ ಭಾರವಾಗಿದೆ ಎಂದು ನನಗೆ ಅನ್ನಿಸಿದ್ದು ನಿಜ. ಬಸ್ಸಿನ ಆಯಾಸ ಎಂದುಕೊಂಡೆ.

ಸಮ್ಮೇಳನದ ಮೊದಲ ದಿನ ಪಟ್ಟಿ ಹಂಚಲಾಯಿತು. ಅಚ್ಚುಕಟ್ಟಾದ ಪಟ್ಟಿ. ಮಧ್ಯಾಹ್ನ ಎಂಟು ಹತ್ತು ಮಂದಿಯನ್ನು ನಾನೇ ಶಂಕರಣ್ಣನ ಮೆಸ್ಸಿಗೆ ಕರೆದೊಯ್ದೆ. ಎಲ್ಲರೂ ತೃಪ್ತಿಯಿಂದ ಉಣ್ಣುತ್ತಿದ್ದಾಗ, ಗಲ್ಲಾದ ಹಿಂದೆ ಶಂಕರಣ್ಣ ಕ್ಯಾರಿಯರ್ ಬಿಚ್ಚಿ ಕೂತರು. ಕಲಬುರಗಿಯಿಂದ ಬಂದಿದ್ದ ಹಿರಿಯರೊಬ್ಬರು ತಟ್ಟೆಯಿಂದ ತಲೆ ಎತ್ತಿ ನೋಡಿದರು.

'ಅಲ್ರಿ ಮಾಲಕರ, ನಮಗ ನಿಮ್ಮ ಅಡಗಿ ಹಾಕಿ ನೀವು ಎಲ್ಲಿಂದ ತರಿಸಿ ಉಣ್ಲಿಕತ್ತೀರಿ?'

'ಭದ್ರಾವತಿಯಿಂದ' ಎಂದರು ಶಂಕರಣ್ಣ, ನನ್ನ ಕಡೆ ನೋಡದೆ. 'ಅದು ಇವರ ಪಟ್ಟಿಯಲ್ಲಿಲ್ಲ.'

ಆ ಸಂಜೆ ಮನೆಗೆ ಬಂದು ಚೀಲವನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟೆ. ಪ್ರಮೀಳಾ ಕ್ಯಾರಿಯರ್ ಬಿಚ್ಚಿ, ತಳದ ಡಬ್ಬಿಯನ್ನು ಒಂದು ಬಟ್ಟಲಿಗೆ ಬೋರಲು ಹಾಕಿ ತಟ್ಟಿದಳು. ಬಟ್ಟಲನ್ನು ನನ್ನ ಮುಂದೆ ತಂದಿಟ್ಟಳು. ಅದರಲ್ಲಿ ಆಗಲೇ ಕೂಡಿಟ್ಟದ್ದೂ ಸೇರಿ ಎರಡು ಚಮಚದಷ್ಟು ಸಕ್ಕರೆ ಇತ್ತು, ಜೊತೆಗೆ ಒಂದು ಬೆಲ್ಲದ ತುಣುಕು.

'ಯಾರ್ರೀ ಅವರು?'

ನಾನು ಖಾಲಿ ಚೀಲವನ್ನು ಮಡಚತೊಡಗಿದೆ.

'ಹೋದ ಮಂಗಳವಾರದಿಂದ ದಿನಾ ಚಿಟಿಕೆ ಸಕ್ಕರೆ ಬರ್ತಾ ಇದೆ. ಖಾಲಿ ಡಬ್ಬಿ ಕೊಡಬಾರದು ಅನ್ನೋದು ನಿಮಗೆ ಹೊಳಿಯೋ ವಿಷಯ ಅಲ್ಲ. ಮೊದಲ್ನೇ ದಿನ ಯಾರೋ ಹೆಂಗಸು ಅನ್ಕೊಂಡೆ. ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಆಮೇಲೆ, ಯಾರಾದ್ರೂ ಆಗ್ಲಿ, ಮನೆತನ ಇರೋರು ಅನ್ನಿಸ್ತು, ಬುಧವಾರದಿಂದ ಒಂದು ಹಿಡಿ ಜಾಸ್ತಿನೇ ತುಂಬಿದೆ. ಗುರುವಾರ ಸೆಲ್ವಿ ಅಕ್ಕ ಹೇಳಿಕೊಟ್ಟಿದ್ದ ಬದನೆಕಾಯಿ ಪುಳಿಕೊಳಂಬು ಕಳಿಸಿದ್ದೆ. ಅವತ್ತು ಬೆಲ್ಲ ಬಂತು.'

ಸೆಲ್ವಿ ಅಕ್ಕ ಎಂದರೆ ಕ್ವಾರ್ಟರ್ಸಿನಲ್ಲಿ ಅವಳ ತವರಿನ ಪಕ್ಕದ ಮನೆಯ ತಮಿಳರು. ಹುಣಸೆಹುಳಿಯ ಗಟ್ಟಿ ಸಾರಿನಂಥ ಅವರ ಕೊಳಂಬು ನಮ್ಮ ಮನೆಯಲ್ಲಿ ವರ್ಷಗಳಿಂದ ಆಗುತ್ತದೆ. ಅದು ಗುರುವಾರ ನನ್ನ ಚೀಲದಲ್ಲಿತ್ತು ಎಂಬುದು ನನಗೆ ಸುದ್ದಿ. ಅಡುಗೆ ಮಾಡಿದವಳಿಗೂ ಉಂಡವರಿಗೂ ನಡುವೆ ಒಂದು ವಾರ ಪತ್ರವ್ಯವಹಾರ ನಡೆದಿತ್ತು. ಎರಡೂ ಕಡೆಯ ಪತ್ರಗಳನ್ನು ಹೊತ್ತು ಬಸ್ಸಿನಲ್ಲಿ ಓಡಾಡಿದವನು, ಸುದ್ದಿಯನ್ನೇ ಕಸುಬು ಮಾಡಿಕೊಂಡ ನಾನು, ಮುಚ್ಚಳ ಎತ್ತಿ ನೋಡಿರಲಿಲ್ಲ.

ಎಲ್ಲವನ್ನೂ ಒಪ್ಪಿಕೊಂಡೆ. ಹೋಟೆಲುಗಳ ಸಂಖ್ಯೆಯನ್ನೂ ಮುಚ್ಚಿಡಲಿಲ್ಲ. ಅವಳು ಕೋಪಿಸಿಕೊಳ್ಳಬಹುದು ಎಂದು ಕಾದೆ. ಅವಳು ಬಟ್ಟಲಿನ ಸಕ್ಕರೆಯನ್ನು ಬೆರಳಿನಿಂದ ಒಂದು ಬದಿಗೆ ಸರಿಸುತ್ತಾ ಕೂತಳು.

'ಇಪ್ಪತ್ತೆರಡು ವರ್ಷ ಕಟ್ಟಿದೀನಿ ರೀ. ಉಪ್ಪು ಕಮ್ಮಿ, ಖಾರ ಜಾಸ್ತಿ ಅಂತ ಕೂಡ ಒಂದ್ ದಿನ ಹೇಳಿಲ್ಲ ನೀವು. ನಾನು ಅದನ್ನೇ ಒಳ್ಳೇತನ ಅನ್ಕೊಂಡಿದ್ದೆ.'

ತಪ್ಪು ಗೊತ್ತಾದ ಮರುದಿನವೇ ತಿದ್ದುಪಡಿ ಹಾಕುವುದು ನಮ್ಮ ಪತ್ರಿಕೆಯ ಸಂಪ್ರದಾಯ. ಮಾರನೆಯ ದಿನ ಪ್ರತಿನಿಧಿಗಳನ್ನು ಪಟ್ಟಿಯ ಪಾಲಿಗೆ ಬಿಟ್ಟು, ಡಬ್ಬಿಯನ್ನು ನಾನೇ ಉಂಡೆ. ಅಂದಿನ ಪುಟದಲ್ಲಿ ಸಮ್ಮೇಳನದ ವರದಿಯೂ ಇದ್ದದ್ದರಿಂದ ಪ್ರೂಫ್ ಜಾಸ್ತಿ ಇತ್ತು. ಆದರೂ ಒಂದು ಅಗುಳು ಬಿಡಲಿಲ್ಲ. ತೊಳೆದು ಒರೆಸಿ, ಕಚೇರಿಯ ಟೀ ಸಾಮಾನಿನಿಂದ ಸಕ್ಕರೆ ತೆಗೆದು ತಳಕ್ಕೆ ಹಾಕಿದೆ. ಚಿಟಿಕೆಯಲ್ಲ, ಎರಡು ಚಮಚ ತುಂಬಾ.

ಸಂಜೆ ಪ್ರಮೀಳಾ ಡಬ್ಬಿ ಬಿಚ್ಚಿದಳು. ಸಕ್ಕರೆಯನ್ನು ಬಟ್ಟಲಿಗೆ ಸುರಿದಳು.

'ಇವತ್ತು ಶಂಕರಣ್ಣ ಉಂಡ್ರಾ, ನೀವಾ?'

'ನಾನೇ' ಎಂದೆ. 'ಸಾರು ಬಹಳ ಚೆನ್ನಾಗಿತ್ತು.'

'ಹೌದಾ' ಎಂದಳು. 'ಅದಕ್ಕೆ ಉಪ್ಪೇ ಹಾಕಿರಲಿಲ್ಲ.'

ಈಗ ಭದ್ರಾವತಿಯಿಂದ ದಿನವೂ ಎರಡು ಕ್ಯಾರಿಯರ್ ಹೊರಡುತ್ತವೆ. ಟೋಕನ್ ನಂಬರ್ ಇರುವುದು ಗಾಂಧಿ ಬಜಾರಿನ ಹಿಂದಿನ ಓಣಿಗೆ. ನನ್ನದು ಅಂಗಡಿಯಿಂದ ತಂದ ಎರಡು ಅಂತಸ್ತಿನ ಹೊಸದು. ಪ್ರೂಫನ್ನು ಮೇಜಿನ ಆ ತುದಿಗೆ ಸರಿಸಿ, ಬೆರಳನ್ನು ಸಾರಿಗೆ ಅದ್ದಿ ಮೊದಲು ಉಪ್ಪು ನೋಡುತ್ತೇನೆ. ಕೆಲವು ದಿನ ಹಾಕಿರುತ್ತಾಳೆ.